ಅಜ್ಜಿ ಮನೆಯ ಅಸ್ತ್ರ ಒಲೆ

ಬೆಳಗ್ಗೆ ಆರೂವರೆ. ಇದು ಕುಣಿಗಲ್ ಕಡೆಯ ನಮ್ಮ ಅಜ್ಜಿಯ ಊರು. ಈಗ ಕಾಣುತ್ತಿದೆಯಲ್ಲ, ಈ ಒಲೆಗೆ ನನಗಿಂತ ಜಾಸ್ತಿ ವಯಸ್ಸು. ಮಣ್ಣಿನ ಒಲೆ, ಮೇಲೆ ಸಗಣಿ ಸಾರಿಸಿದ್ದಾರೆ. ಒಂದರ ಹಿಂದೆ ಒಂದು ಮೂರು ಕುಣಿ. ಕೊನೆಯ ಕುಣಿಯ ಹಿಂದಿನಿಂದ ಹೊರಟ ಹೊಗೆ ಕೊಳವೆ ಹೆಂಚು ದಾಟಿ ಮೇಲೆ ಹೋಗಿದೆ.

ಊರಲ್ಲಿ ಎಲ್ಲರೂ ಇದನ್ನು ಅಸ್ತ್ರ ಒಲೆ ಅನ್ನುತ್ತಾರೆ. ಚಿಕ್ಕವಳಿದ್ದಾಗ ಬಿಲ್ಲು ಬಾಣದ ಅಸ್ತ್ರ ಇರಬೇಕು ಅಂದುಕೊಂಡಿದ್ದೆ. ಎಂಜಿನಿಯರಿಂಗ್ ಓದುವಾಗ ಗೊತ್ತಾಯಿತು, ಈ ಹೆಸರು ಬಂದದ್ದು ಬೆಂಗಳೂರಿನಿಂದ. ಭಾರತೀಯ ವಿಜ್ಞಾನ ಸಂಸ್ಥೆಯಿಂದ. ಅಜ್ಜಿಯ ಬಾಯಲ್ಲಿ ಅದು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್.

1974ರಲ್ಲಿ ಅಲ್ಲಿ ಅಸ್ತ್ರ ಅನ್ನುವ ಕಾರ್ಯಕ್ರಮ ಶುರುವಾಯಿತು. ಹಳ್ಳಿಗಳಿಗಾಗಿ ವಿಜ್ಞಾನ ಮತ್ತು ತಂತ್ರಜ್ಞಾನ ಅನ್ನುವ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. ಅದನ್ನು ಕಟ್ಟಿದವರು ಪ್ರೊಫೆಸರ್ ಅಮೂಲ್ಯ ಕುಮಾರ್ ಎನ್. ರೆಡ್ಡಿ. ಅವರ ವಿಷಯ ಎಲೆಕ್ಟ್ರೋಕೆಮಿಸ್ಟ್ರಿ, ಅಂದರೆ ವಿದ್ಯುತ್ತಿಗೂ ರಾಸಾಯನಿಕ ಕ್ರಿಯೆಗಳಿಗೂ ಇರುವ ನಂಟನ್ನು ಓದುವ ಶಾಸ್ತ್ರ. ಆ ವಿಷಯಕ್ಕೆ ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ಓದುವ ಪಠ್ಯಪುಸ್ತಕವನ್ನು ಬರೆದ ಇಬ್ಬರಲ್ಲಿ ಅವರೊಬ್ಬರು. ಅಂಥವರು ಸೌದೆ, ಸಗಣಿ, ನೀರಿನ ಲೆಕ್ಕ ಹಿಡಿದು ಹಳ್ಳಿಗೆ ಬಂದರು. ಇದೇ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಸಂಸ್ಥೆಯ ಒಂದು ಕೇಂದ್ರವೇ ಆಯಿತು. ಒಲೆಯ ಕೆಲಸದಲ್ಲಿ ಮುಂದಿದ್ದ ಪ್ರೊಫೆಸರ್ ಕೆ.ಎಸ್. ಜಗದೀಶ್ ಸಿವಿಲ್ ಎಂಜಿನಿಯರ್. ಸುಡದ ಮಣ್ಣಿನ ಇಟ್ಟಿಗೆಯ ಮೇಲೂ ಅವರದು ದೊಡ್ಡ ಕೆಲಸವಿದೆ. ಅದನ್ನು ಇನ್ನೊಂದು ವಿಡಿಯೋದಲ್ಲಿ ಹೇಳುತ್ತೇನೆ.

ಒಲೆಯಲ್ಲಿ ಸಂಶೋಧನೆ ಮಾಡುವಂಥದ್ದು ಏನಿದೆ ಅಂತ ಬಹಳ ಜನ ಕೇಳುತ್ತಾರೆ. ಸುಮ್ನೆ ಒಂದು ಲೆಕ್ಕ ಹಾಕೋಣ. 5 ಲೀಟರ್ ನೀರನ್ನು 25 ಡಿಗ್ರಿಯಿಂದ 95 ಡಿಗ್ರಿಗೆ ತರಬೇಕು. ಅದಕ್ಕೆ ಬೇಕಾಗುವ ಶಾಖ 350 ಕಿಲೋಕ್ಯಾಲರಿ. 1 ಕೆಜಿ ಒಣಸೌದೆಯಲ್ಲಿ ಸುಮಾರು 3,500 ಕಿಲೋಕ್ಯಾಲರಿ ಇರುತ್ತದೆ. ಅಂದರೆ 100 ಗ್ರಾಂ ಸೌದೆ ಸಾಕು! ಒಂದು ಹಿಡಿ ಚಕ್ಕೆ. ಆದರೆ ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ತಲುಪುವುದು ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು. ಹಾಗಾಗಿ ಕೆಜಿಯ ಹತ್ತಿರ ಸೌದೆ ಹೋಗುತ್ತದೆ. ಮಿಕ್ಕ ಒಂಬತ್ತು ಪಾಲನ್ನೂ ತಲೆ ಮೇಲೆ ಹೊತ್ತು ತಂದದ್ದು ಹೆಂಗಸರು ಮತ್ತು ಮಕ್ಕಳು. ಈ ಲೆಕ್ಕ ಮೊದಲ ಸಲ ಹಾಕಿದ ದಿನ ನನಗೆ ತುಂಬಾ ಸಂಕಟವಾಗಿತ್ತು.

ಶಾಖ ಎಲ್ಲಿ ಹೋಗುತ್ತದೆ? ಮೂರು ಕಲ್ಲಿನ ನಡುವೆ ಎಲ್ಲ ಕಡೆಯಿಂದಲೂ ಗಾಳಿ ನುಗ್ಗುತ್ತದೆ. ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಆ ತಣ್ಣನೆ ಗಾಳಿ ಬಿಸಿಯಾಗಿ, ಶಾಖವನ್ನು ಕಟ್ಟಿಕೊಂಡು ಹೊರಟುಹೋಗುತ್ತದೆ. ಬೆಂಕಿ ತಣ್ಣಗಾದರೆ ಸೌದೆ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದ ಸೌದೆಯೇ ಹೊಗೆ. ಅದು ಪಾತ್ರೆಗೆ ಮಸಿಯಾಗುತ್ತದೆ, ಅಡುಗೆ ಮಾಡುವವರ ಕಣ್ಣಿಗೆ, ಎದೆಗೆ ಹೋಗುತ್ತದೆ.

ಈಗ ಈ ಒಲೆ ನೋಡಿ. ಬೆಂಕಿಯ ಗೂಡು ಮುಚ್ಚಿದೆ. ಕೆಳಗೆ ಕಬ್ಬಿಣದ ಜಾಲರಿ. ಗಾಳಿ ಅದರ ಅಡಿಯಿಂದ ಬರುತ್ತದೆ, ಬೂದಿಯೂ ಅದರಿಂದಲೇ ಕೆಳಗೆ ಉದುರುತ್ತದೆ. ಪಾತ್ರೆ ಕುಣಿಗೆ ಸರಿಯಾಗಿ ಕೂರುತ್ತದೆ, ಸಂದಿ ಇಲ್ಲ. ಮೊದಲ ಪಾತ್ರೆಗೆ ತಾಗಿದ ಬಿಸಿ ಹೊರಗೆ ಹಾರಿಹೋಗದೆ ಎರಡನೆಯದಕ್ಕೆ, ಮೂರನೆಯದಕ್ಕೆ ಹೋಗಿ, ಆಮೇಲೆ ಕೊಳವೆ ಹತ್ತುತ್ತದೆ. ಗಾಳಿ ಎಷ್ಟು ಬೇಕೋ ಅಷ್ಟೇ ಬರಬೇಕು. ಇದರ ಗುಟ್ಟೆಲ್ಲಾ ಅಲ್ಲೇ ಇದೆ. ಲ್ಯಾಬಿನ ಪರೀಕ್ಷೆಯಲ್ಲಿ ಈ ವಿನ್ಯಾಸ ಶೇ. 40ರ ಆಸುಪಾಸಿನ ದಕ್ಷತೆ ತೋರಿಸಿದೆ, ಅಂದರೆ ಸೌದೆಯ ಶಾಖದಲ್ಲಿ ಅಷ್ಟು ಪಾಲು ಪಾತ್ರೆಗಳಿಗೆ ತಲುಪಿದೆ.

ಲ್ಯಾಬಿನಲ್ಲಿ ಅಷ್ಟು ಬಂದರೆ ಕೆಲಸ ಮುಗಿಯಲಿಲ್ಲ. ಸರ್ಕಾರದ ಯೋಜನೆಯಲ್ಲಿ ಈ ಒಲೆ ಸಾವಿರಾರು ಮನೆಗೆ ಹೋಯಿತು. ಕಟ್ಟುವವರಿಗೆ ತರಬೇತಿ ಬೇಕಾಯಿತು, ಯಾಕೆಂದರೆ ಒಳಗಿನ ಅಳತೆ ತಪ್ಪಿದರೆ ಇದೂ ಮಾಮೂಲಿ ಒಲೆಯೇ. ಸೌದೆಯನ್ನು ಸಣ್ಣದಾಗಿ ಸೀಳಿಕೊಳ್ಳಬೇಕು. ಕೊಳವೆಯ ಮಸಿ ಆಗಾಗ ತೆಗೆಯಬೇಕು. ಪ್ರತಿ ಮನೆಯ ಬೆಂಕಿಯೂ ಬೇರೆ, ಪ್ರತಿ ದಿನದ ಸೌದೆಯೂ ಬೇರೆ. ಇಂಥದ್ದನ್ನು ಅಳೆಯುವುದು ಲ್ಯಾಬಿನ ಪ್ರಯೋಗಕ್ಕಿಂತ ಕಷ್ಟ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪುರ ಅನ್ನುವ ಊರಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಅದೂ ಇದೇ ತಾಲ್ಲೂಕು. ಊರಿಗೆಲ್ಲ ಅಡುಗೆಗೆ ಗೋಬರ್ ಗ್ಯಾಸ್ ಕೊಡುವುದು ಅಂತ ಅಸ್ತ್ರದವರು ಮೊದಲು ಯೋಚಿಸಿದ್ದರು. ಸಿಗುವ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ನಿಮಗೆ ಏನು ಬೇಕು ಅಂತ ಊರಿನವರನ್ನು ಕೇಳಿದಾಗ ಸಿಕ್ಕ ಉತ್ತರ ನೀರು. 1987ರಿಂದ ಆ ಗ್ಯಾಸಿನಲ್ಲಿ ಎಂಜಿನ್ ಓಡಿಸಿ, ಕರೆಂಟ್ ಮಾಡಿ, ಕೊಳವೆ ಬಾವಿಯ ನೀರು ಎತ್ತಿದರು. ಮನೆಗಳಿಗೆ ದೀಪವೂ ಬಂತು. ಸಗಣಿಯ ಬಗ್ಗಡ ಗೊಬ್ಬರವಾಗಿ ಕೊಟ್ಟವರಿಗೇ ವಾಪಸ್ ಹೋಯಿತು. ನಾವು ಹೊತ್ತು ತಂದದ್ದು ನಿಮಗೆ ಬೇಕಾದದ್ದಲ್ಲ ಅಂತ ಒಪ್ಪಿಕೊಂಡು ಬದಲಾಯಿಸಿದರಲ್ಲ, ಅದಕ್ಕೇ ಈ ಕೆಲಸದ ಮೇಲೆ ನನಗೆ ಇಷ್ಟು ಗೌರವ.

ಸರಿ, ನಮ್ಮ ಒಲೆಗೆ ಬರೋಣ. ತಕ್ಕಡಿ ತಂದಿದ್ದೇನೆ, ಥರ್ಮಾಮೀಟರ್ ಇದೆ. ಸೌದೆ ತೂಗಿದ್ದಾಯಿತು. ಮೊದಲ ಕುಣಿಯಲ್ಲಿ 5 ಲೀಟರ್ ನೀರು. ಅಜ್ಜಿಯೇ ಬೆಂಕಿ ಹಚ್ಚಿದರು. ಈ ಶಬ್ದ ಕೇಳಿ, ಗಾಳಿ ಕೆಳಗಿನಿಂದ ಎಳೆದುಕೊಳ್ಳುತ್ತಿರುವುದು. ಊದುಗೊಳವೆ ಮುಟ್ಟಲೇ ಇಲ್ಲ. ಅಡುಗೆಮನೆಯಲ್ಲಿ ಹೊಗೆ ಇಲ್ಲ, ಕ್ಯಾಮೆರಾ ಇಲ್ಲೇ ಪಕ್ಕದಲ್ಲಿದೆ ನೋಡಿ.

95 ಡಿಗ್ರಿ ಬಂತು. ಮಿಕ್ಕಿದ್ದನ್ನು ತೂಗಿದೆ. ಉರಿದದ್ದು ಅರ್ಧ ಕೆಜಿ. 100 ಗ್ರಾಂ ಸಾಕಾಗಬೇಕಿದ್ದ ಕೆಲಸಕ್ಕೆ ಅಷ್ಟು, ಅಂದರೆ ದಕ್ಷತೆ ಶೇ. 20. ಒಲೆ ಹಳೆಯದು, ಅಂಚೂ ಅಲ್ಲಲ್ಲಿ ಸವೆದಿದೆ, ಅದಕ್ಕೇ ಇರಬೇಕು ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ.

ಅಜ್ಜಿ ಎರಡನೇ ಕುಣಿಯ ಪಾತ್ರೆಯ ಮುಚ್ಚಳ ತೆಗೆದರು. ಬೇಳೆ ಬೆಂದಿತ್ತು. ಮೂರನೆಯದರಲ್ಲಿ ಹಾಲು ಬಿಸಿಯಾಗಿತ್ತು.

"ಪುಟ್ಟಿ, ಇವು ನಿನ್ನ ಲೆಕ್ಕಕ್ಕೆ ಬರಲ್ವಾ?"

ಬರುತ್ತವೆ. ಬರಲೇಬೇಕು. ಬರೆದದ್ದನ್ನು ಹೊಡೆದು ಹಾಕಿದೆ. ನಾಳೆ ಬೆಳಗ್ಗೆ ಮೂರೂ ಕುಣಿಯಲ್ಲಿ ನೀರಿಟ್ಟು ಮತ್ತೆ ತೂಗುತ್ತೇವೆ. ಅಜ್ಜಿ ಆಗಲೇ ಜಗಲಿ ಮೇಲೆ ಕೂತು ನಾಳೆಗೆ ಸೌದೆ ಸೀಳುತ್ತಿದ್ದಾರೆ.