ಹಳೆ ಬಂದರಿನಿಂದ ಮಂಗಳೂರು

ಮಾನ್ಯ ಅಧ್ಯಕ್ಷರೇ, ಸಹೃದಯ ಸಭಿಕರೇ,

ಮಂಗಳೂರು ನೋಡಲು ಬಂದ ನೆಂಟರನ್ನು ನಾವು ಕದ್ರಿಗೆ, ಕುದ್ರೋಳಿಗೆ, ಪಣಂಬೂರಿನ ಕಡಲತೀರಕ್ಕೆ ಕರೆದೊಯ್ದು, ಸಂಜೆ ಐಸ್‌ಕ್ರೀಮ್ ತಿನ್ನಿಸಿ ರೈಲು ಹತ್ತಿಸುತ್ತೇವೆ. ಐಸ್‌ಕ್ರೀಮಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಳೆ ಬಂದರನ್ನು ಬಿಟ್ಟು ಈ ಊರನ್ನು ತೋರಿಸುವುದು ಬುಡ ಬಿಟ್ಟು ಕೊಂಬೆ ಎಣಿಸಿದಂತೆ ಎಂಬುದು ನನ್ನ ವಾದ. ಇದನ್ನೇ ಇನ್ನೆರಡು ಸಲ ಹೇಳಿದರೆ ತಾವು ಸಹಿಸಿಕೊಳ್ಳಬೇಕು.

ನೇತ್ರಾವತಿಯೂ ಫಲ್ಗುಣಿಯೂ ಕಡಲು ಸೇರುವ ಅಳಿವೆಯಲ್ಲಿ ಮರಳು ತುಂಬಿಕೊಳ್ಳುತ್ತಿದ್ದುದರಿಂದ ದೊಡ್ಡ ಹಡಗುಗಳು ಹೊರಗಡಲಲ್ಲೇ ಲಂಗರು ಹಾಕುತ್ತಿದ್ದವು. ಸರಕು ದೋಣಿಗಳಲ್ಲಿ ದಕ್ಕೆಗೆ, ಅಂದರೆ ಹಳೆ ಬಂದರಿನ ಕಟ್ಟೆಗೆ, ಬರುತ್ತಿತ್ತು. ಆ ಸರಕಿನ ಬೆನ್ನಿಗೇ ಗೋದಾಮುಗಳೂ ಮಂಡಿಗಳೂ ಬೆಳೆದವು. ಬಂದರಿನ ಜೀನತ್ ಬಕ್ಷ್ ಮಸೀದಿ, ರೊಜಾರಿಯೊ ಇಗರ್ಜಿ, ರಥಬೀದಿಯ ವೆಂಕಟರಮಣ ದೇವಸ್ಥಾನಗಳನ್ನು ಒಂದೇ ಬೆಳಿಗ್ಗೆ ನಡೆದು ನೋಡಬಹುದು.

ಇಲ್ಲಿ ನನಗೆ ಪ್ರಿಯವಾದ ಒಂದು ಕಥೆಯಿದೆ. 12ನೆಯ ಶತಮಾನದಲ್ಲಿ ಟುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಏಡನ್ ಮಾರ್ಗವಾಗಿ ನಮ್ಮ ಕರಾವಳಿಗೆ ಬಂದು, ಹದಿನೇಳು ವರ್ಷಗಳಷ್ಟು ಕಾಲ ನೆಲೆಸಿದ. ಅಶು ಎಂಬ ಹೆಣ್ಣುಮಗಳನ್ನು ದಾಸ್ಯದಿಂದ ಬಿಡಿಸಿದ ಪತ್ರವನ್ನು ಅವನು 1132ರಲ್ಲಿ ಬರೆದದ್ದು ಮಂಗಳೂರಿನಲ್ಲಿ. ಏಡನ್ನಿನ ಮಿತ್ರರು ಒಡೆದ ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ಹಡಗಿಗೆ ಹಾಕಿ, ಕರಗಿಸಿ ಹೊಸದಾಗಿ ಮಾಡಿಸಿ ಕಳಿಸೆಂದು ಕಾಗದ ಬರೆಯುತ್ತಿದ್ದರು. ಜೊತೆಗೆ ಉಡುಗೊರೆಯಾಗಿ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ. ಕದ್ರಿಯಲ್ಲಿ ಕ್ರಿ.ಶ. 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಕಂಡವರಿಗೆ, ಪಾತ್ರೆ ಮಾಡಿಸಲು ಕಡಲಾಚೆಯವರು ಈ ತೀರವನ್ನೇ ನೆಚ್ಚಿದ್ದು ಆಶ್ಚರ್ಯವೆನಿಸದು. ದೇವರ ಹೆಸರಿರುವ ಬರಹವನ್ನು ನಾಶಮಾಡಬಾರದೆಂಬ ಯಹೂದಿ ಸಂಪ್ರದಾಯದ ದೆಸೆಯಿಂದ ಆ ಕಾಗದಗಳು ಕೈರೋದ ಪ್ರಾರ್ಥನಾಮಂದಿರದ ಕೋಣೆಯಲ್ಲಿ ಉಳಿದವು. ನಮ್ಮಲ್ಲಾಗಿದ್ದರೆ ಗೆದ್ದಲು ಓದಿ ಮುಗಿಸುತ್ತಿತ್ತು!

ಈಗ ಹೇಳಿ, ಇಂಥ ಊರನ್ನು ಬಂದರಿನಿಂದಲ್ಲದೆ ಬೇರೆಲ್ಲಿಂದ ನೋಡಲು ಹೊರಡುವುದು?

ಬಂದರಿನ ಗೋದಾಮುಗಳ ಮುಂದೆ ನಿಂತು ಮಾಡಿನ ಹಂಚು ನೋಡಲು ಒಮ್ಮೆ ತಲೆಯೆತ್ತಬೇಕು. 1865ರಲ್ಲಿ ಬಾಸೆಲ್ ಮಿಶನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ ನೇತ್ರಾವತಿಯ ದಂಡೆಯಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ಆವೆಮಣ್ಣೂ ನದಿಯದೇ, ಸಾಗಣೆಯೂ ನದಿಯ ಮೇಲೆಯೇ. ಕೆಳಗೆ ಬಿದ್ದ ಒಂದು ಹಳೆಯ ಹಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿರುತ್ತದೆ, ಅಂಚಿನಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಏಣು ಇರುತ್ತದೆ. ನಮ್ಮ ಮಳೆಯ ನೀರು ಒಳಗಿಳಿಯದಂತೆ ತಡೆಯುವುದು ಬೆರಳಿನಷ್ಟೂ ದಪ್ಪವಿಲ್ಲದ ಆ ಏಣೇ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸುಲ್ತಾನ್ ಬತ್ತೇರಿಯ ಬಗ್ಗೆ ಅರ್ಧ ಗಂಟೆ ಮಾತಾಡಲು ಬಂದಿದ್ದೆ; ನದಿಯೊಳಗೆ ಬರುವ ಹಡಗುಗಳ ಮೇಲೆ ಕಣ್ಣಿಡಲು ಟಿಪ್ಪು ಕಟ್ಟಿಸಿದ ಕಪ್ಪುಕಲ್ಲಿನ ಕಾವಲು ಬುರುಜು ಅದು ಎಂದಷ್ಟೇ ಹೇಳಿ ಬಿಡುತ್ತೇನೆ. ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಚಾವಣಿಗಳಲ್ಲಿ ಇಟಲಿಯ ಅಂತೋನಿಯೊ ಮೊಸ್ಕೇನಿ ಬರೆದ ಚಿತ್ರಗಳಿವೆ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ತಮಗೆ ತಿಳಿದದ್ದೇ. ಪಣಂಬೂರಿನ ನವಬಂದರು 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು, ಹಳೆ ಬಂದರಿನಲ್ಲಿ ಮೀನುಗಾರಿಕೆಯೂ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳೆಂಬ ಸರಕು ಹಡಗುಗಳೂ ಉಳಿದವು.

ಆ ಮಂಜಿಗಳಿಗೆ ತರಕಾರಿ, ಸಿಮೆಂಟ್ ತುಂಬುವುದನ್ನು ನೋಡಬೇಕೆಂದಿದ್ದರೆ ಮಳೆಗಾಲಕ್ಕೆ ಮೊದಲೇ ನೆಂಟರನ್ನು ಕರೆಸಿಕೊಳ್ಳಿ. ಮೇ ತಿಂಗಳ ನಡುವಿನ ನಂತರ ಅವು ಕಡಲಿಗಿಳಿಯುವುದಿಲ್ಲ.