2026ರ ಟೆಕ್ನಾಲಜಿ: ಗಾಂಧಿ ಚೌಕದ ಬಿಸ್ಕೆಟ್ ಡಬ್ಬಿಗೆ ಬೀಗ ಯಾಕೆ ಬಿತ್ತು?

ದೃಶ್ಯ: ತಗಡಿನ ಬಿಸ್ಕೆಟ್ ಡಬ್ಬಿ. ಒಳಗೆ ಹಳೇ ಕಂಪ್ಯೂಟರ್‌ಗಳಿಂದ ಕಿತ್ತ ರ‍್ಯಾಮ್ ಪಟ್ಟಿಗಳು, ಅಂದ್ರೆ ಕಂಪ್ಯೂಟರ್ ಕೆಲಸ ಮಾಡುವಾಗ ಬಳಸೋ ಮೆಮೊರಿ.

ನಮಸ್ಕಾರ್ರೀ. ಈ ಡಬ್ಬಿ ವಿಜಯಪುರದ ಗಾಂಧಿ ಚೌಕದ ಹತ್ತಿರದ ಒಂದು ರಿಪೇರಿ ಅಂಗಡಿಯದು. ಹೋದ ವರ್ಷ ಕೌಂಟರ್ ಮೇಲೆ ಸುಮ್ನೆ ಬಿದ್ದಿರುತ್ತಿತ್ತು. ಸ್ಕ್ರೂ, ಧೂಳು, ರ‍್ಯಾಮ್ ಎಲ್ಲ ಅದರಲ್ಲೇ. ಈ ಸಲ ಹೋದರೆ ಡಬ್ಬಿ ಕಪಾಟು ಸೇರಿದೆ. ಕಪಾಟಿಗೆ ಬೀಗ.

"ಯಾಕ್ರೀ ಕಾಕಾ?" ಅಂದೆ.

"ರೇಟ್ ಭಾಳ ಏರ್ಯಾವ ತಮ್ಮಾ. ಹಳೀ ರ‍್ಯಾಮಿಗೂ ಗಿರಾಕಿ ಬರಾಕತ್ತಾರ" ಅಂದರು.

2026ರಲ್ಲಿ ಏನೇನು ಬದಲಾಗುತ್ತದೆ ಅಂತ ಸುಮಾರು ಮಂದಿ ಕೇಳಿದ್ದೀರಿ. ನಾನು ಈ ಬೀಗದಿಂದಲೇ ಶುರು ಮಾಡ್ತೀನಿ. ಯಾಕಂದ್ರೆ ವೇದಿಕೆ ಮೇಲೆ ತೋರಿಸಿದ್ದನ್ನ ನಂಬಿ ಒಮ್ಮೆ ಮುಖಭಂಗ ಆಗಿದೆ. 2021ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಕಂಪನಿ ಮೆಟಾ ಅಂತ ಹೆಸರು ಬದಲಿಸಿತು. ಇನ್ನೆರಡು ವರ್ಷಕ್ಕೆ ಎಲ್ಲರೂ ಕಂಪ್ಯೂಟರ್ ಲೋಕವನ್ನ ಕಣ್ಣ ಮುಂದೆ ತೋರಿಸೋ ವಿಆರ್ ಕನ್ನಡಕ ಹಾಕಿಕೊಂಡೇ ಮೀಟಿಂಗ್ ಮಾಡ್ತಾರೆ ಅಂತ ಗೆಳೆಯರ ಮುಂದೆ ಕೊಚ್ಚಿಕೊಂಡಿದ್ದೆ. ಈಗಲೂ ಚಹಾಕ್ಕೆ ಕೂತರೆ "ಕನ್ನಡಕ ಬಂತೇನಲೇ?" ಅಂತಾರೆ. ಅಲ್ಲಿಂದ ಈಚೆಗೆ ನಾನು ನೋಡೋದು ಎರಡೇ. ಯಾವುದರ ರೇಟ್ ಬದಲಾಗುತ್ತಿದೆ? ಯಾವುದಕ್ಕೆ ತಾರೀಕು ಗೊತ್ತಾಗಿದೆ?

ರೇಟಿನ ಕಥೆ ಇದು. ಜಗತ್ತಿನ ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲು ಮಾಡೋದು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳಿಗೆ ಎಚ್‌ಬಿಎಂ ಅನ್ನೋ ಬೇರೆ ಥರದ ಮೆಮೊರಿ ಬೇಕು. ಚಿಪ್ ಮೇಲೆ ಚಿಪ್ ಪೇರಿಸಿ ಮಾಡ್ತಾರೆ. ಅಷ್ಟೇ ಜಿಬಿಗೆ ಮಾಮೂಲಿ ರ‍್ಯಾಮ್‌ಗಿಂತ ಸುಮಾರು ಮೂರು ಪಟ್ಟು ಸಿಲಿಕಾನ್ ಬೇಕು. ಲಾಭವೂ ಜಾಸ್ತಿ.

ದೃಶ್ಯ: ಕಾಲುವೆ ಪಕ್ಕದ ಕಬ್ಬಿನ ಗದ್ದೆ.

ನಮ್ಮ ಕಡೆಯವರಿಗೆ ಇದನ್ನ ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಕಾಲುವೆ ನೀರು ಬಂತು, ಬಿಳಿಜೋಳದ ಹೊಲಕ್ಕೆ ಕಬ್ಬು ಬಂತು. ಹೊಲ ಮಾತ್ರ ಅಷ್ಟೇ ಇದೆ. ಈಗ ಚಿಪ್ ಫ್ಯಾಕ್ಟರಿಗಳು ಕಬ್ಬು ಬೆಳೀತಿವೆ, ನಮ್ಮ ಫೋನಿಗೆ ಬೇಕಾಗಿರೋದು ಜೋಳ. ಹೊಸ ಫ್ಯಾಕ್ಟರಿ ಏಳೋಕೆ ವರ್ಷಗಳೇ ಬೇಕು. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್, ಅಂಗಡಿಗಳಲ್ಲಿ ಸಿಗ್ತಿದ್ದ ತನ್ನ ಕ್ರೂಶಿಯಲ್ ರ‍್ಯಾಮ್ ವ್ಯಾಪಾರವನ್ನೇ ನಿಲ್ಲಿಸೋದಾಗಿ ಹೇಳಿತು.

ಹಾಗಾಗಿ ನನ್ನ ಅಂದಾಜು: 2026ರಲ್ಲಿ ಫೋನ್ ತುಟ್ಟಿಯಾಗುತ್ತದೆ. ಇಲ್ಲವೇ ರೇಟ್ ಅಷ್ಟೇ ಇಟ್ಟು ರ‍್ಯಾಮ್ ಕಡಿಮೆ ಮಾಡ್ತಾರೆ. ಪೆಟ್ಟು ಜಾಸ್ತಿ ಬೀಳೋದು ಹತ್ತು ಹದಿನೈದು ಸಾವಿರದ ಫೋನಿಗೆ. ಅಲ್ಲಿ ಲಾಭವೇ ತೆಳು ಅಲ್ವಾ?

ಬರಗಾಲದಲ್ಲಿ ಅಧಿಕ ಮಾಸ ಅನ್ನೋ ಹಾಗೆ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಜೆರಾಕ್ಸ್ ಅಂಗಡಿಯಲ್ಲಿ, ಟ್ಯಾಕ್ಸ್ ಫೈಲ್ ಮಾಡೋರ ಹತ್ತಿರ, ಒಣದ್ರಾಕ್ಷಿ ವ್ಯಾಪಾರಿಯ ಟೇಬಲ್ ಮೇಲೆ ಇನ್ನೂ ಅದೇ ಓಡ್ತಿದೆ. ಓಡುತ್ತದೆ, ಆದರೆ ಸೆಕ್ಯುರಿಟಿ ಅಪ್‌ಡೇಟ್ ತಾನಾಗಿ ಬರೋದು ನಿಂತಿದೆ. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ವ್ಯವಸ್ಥೆ ಕಂಪ್ಯೂಟರ್ ಒಳಗೇ ಇರಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್‌ ಆದರೂ ಇರಬೇಕು. ಹೊಸದು ಕೊಳ್ಳಲೇಬೇಕಾದ ಹೊತ್ತಿಗೇ ರೇಟ್ ಏರಿದೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಮಾರೋರಿಗೆ 2026ರಲ್ಲಿ ಸುಗ್ಗಿ.

ಇನ್ನೊಂದು ತಾರೀಕು 2026ರ ಏಪ್ರಿಲ್ 1. ಡಿಜಿಟಲ್ ಪಾವತಿ ಮಾಡೋದು ನೀವೇ ಅಂತ ಖಾತ್ರಿ ಮಾಡಿಕೊಳ್ಳೋಕೆ ಆರ್‌ಬಿಐ ತಂದ ಹೊಸ ನಿಯಮ ಅವತ್ತಿನಿಂದ ಜಾರಿ. ಎಸ್‌ಎಂಎಸ್ ಒಟಿಪಿ ಇರುತ್ತದೆ, ಅದೊಂದೇ ದಾರಿ ಆಗಿರೋದಿಲ್ಲ. ಬೆರಳು, ಮುಖ ತೋರಿಸಿ ಯುಪಿಐ ಮಾಡೋದು ಆಗಲೇ ಬಂದಿದೆ. ಪಿನ್ ಮರೆತು ಮೊಮ್ಮಗನ್ನ ಕೂಗೋ ಅಜ್ಜಿಗೆ ಇದು ಅನುಕೂಲ.

ಎಐ ಬಗ್ಗೆ ಹೇಳದಿದ್ದರೆ ಬೈತೀರಿ. ನಮ್ಮ ಜಿಲ್ಲೆಯ ಇಂಡಿ ಊರಿನ ನಿಂಬೆ ವ್ಯಾಪಾರಿ ಟೈಪ್ ಮಾಡ್ತಾ ಕೂರೋದಿಲ್ಲ, ಫೋನಿಗೆ ಮಾತಾಡ್ತಾನೆ. ಲೆಕ್ಕ, ಬಿಲ್ಲು ಎಲ್ಲ ಮಾತಿನಲ್ಲೇ ಆಗೋ ಕಡೆ ಹೊರಟಿದೆ ಅಂತ ನನಗನಿಸುತ್ತದೆ. ಆದರೆ 2026ರಲ್ಲೇ ಅಂತ ಪಣ ಕಟ್ಟಲ್ಲ. "ರೊಕ್ಕ ನಾಳಿ ಬರ್ತಾವ" ಅಂತ ಮೊನ್ನೆ ನನ್ನ ಫೋನಿಗೆ ಹೇಳಿದೆ. "ರಾಕ್ ನಾಳೆ ಬರ್ತಾವ" ಅಂತ ಬರೆದುಕೊಂಡಿತು.

ದೃಶ್ಯ: ಮತ್ತೆ ಅದೇ ಅಂಗಡಿ.

ನಮ್ಮ ತಂಗಿಯ ಕಂಪ್ಯೂಟರ್‌ಗೆ ಈ ಡಬ್ಬಿಯಿಂದಲೇ ಎಂಟು ಜಿಬಿ ಹುಡುಕಿಸಿದೆ. ಕಾಕಾ ಪಟ್ಟಿಯ ಅಂಚನ್ನ ಪೆನ್ಸಿಲ್ ರಬ್ಬರಿನಿಂದ ಉಜ್ಜಿದರು. ಕೂರಿಸಿ ಸ್ವಿಚ್ ಒತ್ತಿದರು. ಆನ್ ಆಯ್ತು. ರೊಕ್ಕ ಎಣಿಸಿಕೊಂಡು, ಡಬ್ಬಿ ಒಳಗಿಟ್ಟು, ಮತ್ತೆ ಬೀಗ ಹಾಕಿದರು.