ಅಮೆರಿಕದ ಕಾಲೇಜು ಆಟ: ಬಿಲ್ ಯಾರ ಜೇಬಿನಿಂದ?

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಆಟಗಾರನಲ್ಲ. ಕಾಲೇಜಿನಲ್ಲಿ ನಮ್ಮ ಪಿ.ಇ. ಮೇಷ್ಟ್ರು ನನ್ನನ್ನು ನೋಡಿದ ಕೂಡಲೇ ಸ್ಕೋರ್ ಬರೆಯಲು ಕೂರಿಸುತ್ತಿದ್ದರು. ಮುಂದೆ ಕಾಮರ್ಸ್ ಪಾಠ ಮಾಡುತ್ತಾ ಜೀವನ ಕಳೆದೆ. ಹಾಗಾಗಿ ಆಟಕ್ಕಿಂತ ಆಟದ ಲೆಕ್ಕದ ಪುಸ್ತಕವೇ ನನಗೆ ಹತ್ತಿರ.

ಈ ವಿಷಯಕ್ಕೆ ನನ್ನನ್ನು ಎಳೆದು ತಂದವಳು ನನ್ನ ಅಕ್ಕನ ಮಗಳು. ಎಂ.ಎಸ್. ಓದಲು ಅಮೆರಿಕಕ್ಕೆ ಹೋದಳು. ಮೊದಲ ಸೆಮಿಸ್ಟರಿನ ಬಿಲ್‌ನ ಫೋಟೋ ಕಳಿಸಿ ಕೇಳಿದಳು: 'ಮಾಮ, ಇದೇನು ಅಥ್ಲೆಟಿಕ್ಸ್ ಫೀ? ನಾನು ಯಾವ ಆಟಕ್ಕೂ ಸೇರಿಲ್ಲ.' ನಮ್ಮಲ್ಲೂ ಕಾಲೇಜು ರಸೀದಿಯಲ್ಲಿ ಕ್ರೀಡಾ ಶುಲ್ಕ ಅಂತ ಒಂದು ಸಾಲು ಇರುತ್ತದೆ, ಯಾರೂ ಅದನ್ನು ಓದುವುದಿಲ್ಲ. ಅವಳ ಬಿಲ್‌ನಲ್ಲಿ ಇದ್ದದ್ದು ಹಾಗೆ ಓದದೇ ಬಿಡುವ ಮೊತ್ತವಾಗಿರಲಿಲ್ಲ. ಆ ಯೂನಿವರ್ಸಿಟಿಯ ಹೆಸರು ಬೇಡ. ಆದರೆ ಆ ಒಂದು ಸಾಲನ್ನು ಹಿಡಿದು ಹೊರಟವನು ಬಹಳ ದೂರ ಹೋದೆ.

ಎಷ್ಟು ದೂರ ಅಂದರೆ, 1852ರವರೆಗೆ. ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಕ್ರೀಡಾ ಸ್ಪರ್ಧೆ ಆ ವರ್ಷದ ಆಗಸ್ಟ್ 3ರಂದು ನಡೆಯಿತು. ನ್ಯೂ ಹ್ಯಾಂಪ್‌ಶೈರ್‌ನ ವಿನಿಪಸಾಕಿ ಸರೋವರದಲ್ಲಿ ಹಾರ್ವರ್ಡ್ ಮತ್ತು ಯೇಲ್ ಹುಡುಗರ ದೋಣಿ ಸ್ಪರ್ಧೆ. ಹಾರ್ವರ್ಡ್ ಗೆದ್ದಿತು. ಆದರೆ ಹುಡುಗರ ಖರ್ಚು ಕೊಟ್ಟದ್ದು ಹಾರ್ವರ್ಡೂ ಅಲ್ಲ, ಯೇಲೂ ಅಲ್ಲ. ಒಂದು ರೈಲು ಕಂಪನಿ! ಸರೋವರದ ಕಡೆಗೆ ಹೊಸ ಹಳಿ ಹಾಕಿದ್ದರು, ಜನ ಟಿಕೆಟ್ ತೆಗೆದುಕೊಂಡು ಬರಬೇಕಿತ್ತು. ಸ್ಪರ್ಧೆ ಇಡಿ, ನಿಮ್ಮ ಪ್ರಯಾಣ, ಊಟ, ವಸತಿ ಎಲ್ಲಾ ನಮ್ಮದು ಅಂದರು. ಜಾತ್ರೆ ಮಾಡಿಸಿ ಬಸ್ಸು ಓಡಿಸಿದ ಹಾಗೆ. ಅಂದರೆ ಅಮೆರಿಕದಲ್ಲಿ ಕಾಲೇಜು ಆಟಕ್ಕೆ ಹೊರಗಿನವರ ದುಡ್ಡು ಆಮೇಲೆ ಬಂದು ಸೇರಿಕೊಂಡದ್ದಲ್ಲ, ಮೊದಲ ದಿನದಿಂದಲೇ ಇತ್ತು.

ಈಗ ಇವತ್ತಿಗೆ ಬರೋಣ. ಆಸ್ಟಿನ್‌ನಲ್ಲಿರುವ ಟೆಕ್ಸಸ್ ಯೂನಿವರ್ಸಿಟಿಯ ಆಟದ ವಿಭಾಗ 2023-24ರಲ್ಲಿ 33 ಕೋಟಿ ಡಾಲರ್‌ಗೂ ಜಾಸ್ತಿ ಆದಾಯ ತೋರಿಸಿತು. ರೂಪಾಯಿ ಅಲ್ಲ, ಡಾಲರ್. ಒಂದೇ ಯೂನಿವರ್ಸಿಟಿ, ಅದರ ಆಟದ ವಿಭಾಗ ಮಾತ್ರ. ಇಷ್ಟು ಕೇಳಿದರೆ ಕಾಲೇಜು ಆಟ ಅಂದರೆ ಚಿನ್ನದ ಗಣಿ ಅನ್ನಿಸುತ್ತದೆ, ಅಲ್ವಾ? ಆದರೆ ಫುಟ್‌ಬಾಲ್‌ನ ಮೇಲಿನ ದರ್ಜೆಯಲ್ಲಿ ಆಡುವ ಸುಮಾರು 130 ಸಂಸ್ಥೆಗಳಲ್ಲಿ, 2019ರಲ್ಲಿ ಆಟದಿಂದಲೇ ಬಂದ ದುಡ್ಡಿನಲ್ಲಿ ಆಟದ ಖರ್ಚು ಮುಗಿಸಿದವು 25 ಮಾತ್ರ. ಇದು ಕಾಲೇಜು ಆಟವನ್ನು ನಡೆಸುವ ಎನ್‌ಸಿಎಎಯವರೇ ಕೊಟ್ಟ ಲೆಕ್ಕ. ಉಳಿದವರ ಬಜೆಟ್‌ನ ತೂತು ಬೇರೆ ಯಾರೋ ಮುಚ್ಚುತ್ತಿದ್ದಾರೆ.

ಇಲ್ಲಿ ಫುಟ್‌ಬಾಲ್ ಅಂದರೆ ಅಮೆರಿಕನ್ ಫುಟ್‌ಬಾಲ್, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಆಟ. ಹೆಚ್ಚಿನ ಕಡೆ ನಿಜವಾಗಿ ದುಡ್ಡು ತರುವುದು ಅದು ಮತ್ತು ಗಂಡುಮಕ್ಕಳ ಬ್ಯಾಸ್ಕೆಟ್‌ಬಾಲ್, ಇವೆರಡೇ. ಈಜು, ಕುಸ್ತಿ, ಟೆನ್ನಿಸ್, ಓಟ, ಜಿಗಿತ ಎಲ್ಲಾ ಆ ಎರಡರ ನೆರಳಿನಲ್ಲಿ ಬದುಕುತ್ತವೆ. ದೆಹಲಿಯ ಹುಡುಗ ತೇಜಸ್ವಿನ್ ಶಂಕರ್ ಕ್ಯಾನ್ಸಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಾ 2018ರಲ್ಲಿ, ಮತ್ತೆ 2022ರಲ್ಲಿ ಎನ್‌ಸಿಎಎ ಹೈಜಂಪ್ ಗೆದ್ದರು. ಹೈಜಂಪ್ ನೋಡಲು ಟಿಕೆಟ್ ಕೊಟ್ಟು ಬರುವವರು ಎಷ್ಟು ಜನ? ಅಂಥ ಆಟಗಾರರ ಕೋಚ್, ಮೈದಾನ, ಓಡಾಟದ ಖರ್ಚಿನಲ್ಲಿ ಫುಟ್‌ಬಾಲ್ ದುಡ್ಡಿನ ಪಾಲು ಇದ್ದೇ ಇರುತ್ತದೆ. ಈ ವ್ಯವಸ್ಥೆಯನ್ನು ಬೈಯುವ ಮುಂಚೆ ಇದೊಂದು ನೆನಪಿರಲಿ.

ಟಿ.ವಿ. ದುಡ್ಡಿನ ಕಥೆ ಕೋರ್ಟಿನಲ್ಲಿ ಶುರುವಾಗುತ್ತದೆ. ಒಂದು ಕಾಲದಲ್ಲಿ ಯಾವ ಕಾಲೇಜಿನ ಫುಟ್‌ಬಾಲ್ ಎಷ್ಟು ಸಲ ಟಿ.ವಿ.ಯಲ್ಲಿ ಬರಬೇಕು ಅಂತ ಎನ್‌ಸಿಎಎ ತೀರ್ಮಾನ ಮಾಡುತ್ತಿತ್ತು. ಓಕ್ಲಹಾಮಾ ಮತ್ತು ಜಾರ್ಜಿಯಾ ಯೂನಿವರ್ಸಿಟಿಗಳು ಕೇಸು ಹಾಕಿದವು. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎನ್‌ಸಿಎಎ ಹಿಡಿತ ತಪ್ಪಿಸಿತು. ಅಂದಿನಿಂದ ಕಾಲೇಜುಗಳು ಗುಂಪು ಕಟ್ಟಿಕೊಂಡು ತಮ್ಮ ಮ್ಯಾಚುಗಳನ್ನು ತಾವೇ ಮಾರುತ್ತವೆ. ಆ ಗುಂಪಿಗೆ ಕಾನ್ಫರೆನ್ಸ್ ಅನ್ನುತ್ತಾರೆ. ಬಿಗ್ ಟೆನ್ ಅನ್ನುವ ಕಾನ್ಫರೆನ್ಸ್ 2022ರಲ್ಲಿ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಮೀರಿದ ಒಪ್ಪಂದ ಮಾಡಿಕೊಂಡಿತು. ಹೆಸರು ಬಿಗ್ ಟೆನ್, ಒಳಗಿರುವವರು 18 ಜನ. ಲೆಕ್ಕದ ಮೇಷ್ಟ್ರಿಗೆ ಇದು ಸ್ವಲ್ಪ ಚುಚ್ಚುತ್ತದೆ.

ಈ ದುಡ್ಡಿನ ಸೆಳೆತ ಎಷ್ಟು ಅಂದರೆ, ಲಾಸ್ ಏಂಜಲೀಸ್‌ನ ಯುಸಿಎಲ್‌ಎ ತನ್ನ ಹಳೆಯ ಗುಂಪು ಪ್ಯಾಕ್-12 ಬಿಟ್ಟು ಬಿಗ್ ಟೆನ್ ಸೇರಿತು. ಈಗ ಅಲ್ಲಿನ ವಾಲಿಬಾಲ್ ಹುಡುಗಿಯರೂ ಮ್ಯಾಚ್ ಆಡಲು ದೇಶದ ಆ ತುದಿಯ ನ್ಯೂಜೆರ್ಸಿವರೆಗೆ ವಿಮಾನ ಹತ್ತಬೇಕು. ಅದೇ ಗುಂಪಿನಲ್ಲಿದ್ದ ಬರ್ಕ್ಲಿ ಹಿಂದೆ ಉಳಿಯಿತು. ಎರಡೂ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಮಕ್ಕಳೇ. ಕೊನೆಗೆ ಆಡಳಿತ ಮಂಡಳಿ, ಯುಸಿಎಲ್‌ಎ ವರ್ಷಕ್ಕೆ 1 ಕೋಟಿ ಡಾಲರ್ ಬರ್ಕ್ಲಿಗೆ ಕೊಡಬೇಕು ಅಂತ 2024ರಲ್ಲಿ ಹೇಳಿತು. ಮನೆ ಬಿಟ್ಟುಹೋದ ತಮ್ಮ ಅಣ್ಣನಿಗೆ ಜೀವನಾಂಶ ಕೊಟ್ಟ ಹಾಗೆ. ಪ್ಯಾಕ್-12ರಲ್ಲಿ ಕೊನೆಗೆ ಉಳಿದದ್ದು ಎರಡೇ ಕಾಲೇಜು.

ಬ್ಯಾಸ್ಕೆಟ್‌ಬಾಲ್ ದಾರಿ ಬೇರೆ. ಮಾರ್ಚ್ ತಿಂಗಳ ಟೂರ್ನಿಯ ಟಿ.ವಿ. ದುಡ್ಡೇ ಎನ್‌ಸಿಎಎಯ ಮುಖ್ಯ ಆದಾಯ. ಕಾಲೇಜು ತಂಡ ಅಲ್ಲಿ ಮ್ಯಾಚ್ ಆಡಿದ ಹಾಗೆಲ್ಲ ಅದರ ಕಾನ್ಫರೆನ್ಸಿಗೆ ಒಂದೊಂದು 'ಯೂನಿಟ್' ಬರುತ್ತದೆ. ಒಂದು ಯೂನಿಟ್ ಅಂದರೆ ಆರು ವರ್ಷಗಳಲ್ಲಿ ಹೆಚ್ಚುಕಡಿಮೆ 20 ಲಕ್ಷ ಡಾಲರ್. ಫುಟ್‌ಬಾಲ್‌ನ ದೊಡ್ಡ ಪ್ಲೇಆಫ್ ದುಡ್ಡು ಮಾತ್ರ ಎನ್‌ಸಿಎಎ ಕೈಗೆ ಸಿಗುವುದೇ ಇಲ್ಲ, ಕಾನ್ಫರೆನ್ಸುಗಳೇ ಹಂಚಿಕೊಳ್ಳುತ್ತವೆ.

ಇನ್ನು ದಾನಿಗಳು. ಎಣ್ಣೆ ವ್ಯಾಪಾರಿ ಬೂನ್ ಪಿಕನ್ಸ್ ತಾನು ಓದಿದ ಓಕ್ಲಹಾಮಾ ಸ್ಟೇಟ್‌ನ ಆಟಕ್ಕೆ ಒಂದೇ ಸಲ 16.5 ಕೋಟಿ ಡಾಲರ್ ಕೊಟ್ಟರು. ಸ್ಟೇಡಿಯಂಗೆ ಈಗ ಅವರದ್ದೇ ಹೆಸರು. ಆದರೆ ನನಗೆ ಕುತೂಹಲ ಇರುವುದು ಸಣ್ಣ ದಾನಿಗಳಲ್ಲಿ. ಒಳ್ಳೆಯ ಸೀಟು ಬೇಕಾದರೆ ಟಿಕೆಟ್ ದುಡ್ಡು ಕೊಟ್ಟರೆ ಸಾಲದು, ಟಿಕೆಟ್ ಕೊಳ್ಳುವ ಹಕ್ಕಿಗೇ ಮೊದಲು ಕಾಣಿಕೆ ಹಾಕಬೇಕು. ವಿಶೇಷ ದರ್ಶನದ ಚೀಟಿ ಇದ್ದ ಹಾಗೆ. ತಮಾಷೆ ಏನು ಗೊತ್ತಾ? 1980ರ ದಶಕದ ಕೊನೆಯಿಂದ 2017ರವರೆಗೆ ಈ ಕಾಣಿಕೆಯ ಶೇ. 80ರಷ್ಟು ಭಾಗವನ್ನು ದಾನ ಅಂತ ತೋರಿಸಿ ತೆರಿಗೆ ಉಳಿಸಬಹುದಿತ್ತು. ಅಂದರೆ ಮ್ಯಾಚ್ ನೋಡದ ರೈತನೂ ಕಾರ್ಮಿಕನೂ ಆ ಸೀಟಿಗೆ ಸ್ವಲ್ಪ ಮೆತ್ತೆ ಹಾಕಿದ್ದ. 2018ರಿಂದ ಆ ರಿಯಾಯಿತಿ ಇಲ್ಲ.

ಸಣ್ಣ ಕಾಲೇಜುಗಳಿಗೆ ಪಿಕನ್ಸ್ ಇಲ್ಲ, ಟಿ.ವಿ.ಯೂ ಇಲ್ಲ. ಅವು ಏನು ಮಾಡುತ್ತವೆ? ಹೊಡೆಸಿಕೊಳ್ಳುತ್ತವೆ. ನಿಜಕ್ಕೂ ಹೇಳುತ್ತಿದ್ದೇನೆ. ದೊಡ್ಡ ಕಾಲೇಜಿಗೆ ತನ್ನ ಊರಿನಲ್ಲಿ ಸುಲಭದ ಗೆಲುವು ಬೇಕು, ಸ್ಟೇಡಿಯಂ ತುಂಬಬೇಕು. ಸಣ್ಣ ಕಾಲೇಜನ್ನು ದುಡ್ಡು ಕೊಟ್ಟು ಕರೆಸುತ್ತದೆ. ಸಣ್ಣವರು ಬರುತ್ತಾರೆ, ಸೋಲುತ್ತಾರೆ, ಚೆಕ್ ತೆಗೆದುಕೊಂಡು ಹೋಗುತ್ತಾರೆ. ಆ ಚೆಕ್ಕಿನಲ್ಲಿ ಅವರ ವರ್ಷದ ಎಷ್ಟೋ ಖರ್ಚು ಕಳೆಯುತ್ತದೆ.

ಕೆಲವು ಸಲ ಲೆಕ್ಕ ತಪ್ಪುತ್ತದೆ. 2007ರಲ್ಲಿ ಮಿಷಿಗನ್ 4 ಲಕ್ಷ ಡಾಲರ್ ಕೊಟ್ಟು ಅಪಲಾಚಿಯನ್ ಸ್ಟೇಟ್ ಅನ್ನುವ ಕೆಳದರ್ಜೆಯ ತಂಡವನ್ನು ಕರೆಸಿತು. ಒಂದು ಲಕ್ಷಕ್ಕೂ ಜಾಸ್ತಿ ಜನರ ಎದುರು 34-32ರಿಂದ ಸೋತಿತು. ದುಡ್ಡು ಕೊಟ್ಟು ಏಟು ತಿನ್ನುವುದು ಅಂದರೆ ಇದೇ. 2022ರಲ್ಲಿ ನೆಬ್ರಾಸ್ಕಾ 14 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟು ಜಾರ್ಜಿಯಾ ಸದರ್ನ್ ತಂಡವನ್ನು ಕರೆಸಿ 45-42ರಿಂದ ಸೋತಿತು. ಮರುದಿನವೇ ಕೋಚ್ ಸ್ಕಾಟ್ ಫ್ರಾಸ್ಟ್ ಅವರನ್ನು ತೆಗೆದರು. ಒಪ್ಪಂದದ ಪ್ರಕಾರ ಅವರಿಗೆ ಕೊಡಬೇಕಾದದ್ದು 1.5 ಕೋಟಿ ಡಾಲರ್. ಮೂರು ವಾರ ಕಾದು ಅಕ್ಟೋಬರ್ 1ಕ್ಕೆ ತೆಗೆದಿದ್ದರೆ ಅದರಲ್ಲಿ ಅರ್ಧ ಸಾಕಿತ್ತು. ಕಾಯಲಿಲ್ಲ.

ಈ ಆತುರದಲ್ಲೇ ಆಟದ ಬಜೆಟ್‌ನ ಗುಟ್ಟು ಇದೆ. ಇಲ್ಲಿ ಶೇರುದಾರರಿಲ್ಲ, ಲಾಭ ಹಂಚುವ ಹಾಗಿಲ್ಲ. ಬಂದದ್ದೆಲ್ಲ ಖರ್ಚಾಗಲೇಬೇಕು. ಪಕ್ಕದ ಕಾಲೇಜು ಹೊಸ ಜಿಮ್ ಕಟ್ಟಿದರೆ ನಾವೂ ಕಟ್ಟಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಹಿರಿಯರು ಹೇಳಿದರು. ಇಲ್ಲಿ ಹಾಸಿಗೆ ಉದ್ದ ಮಾಡಿದಷ್ಟೂ ಕಾಲೂ ಬೆಳೆಯುತ್ತದೆ. ಟೆಕ್ಸಸ್ ಎ ಆ್ಯಂಡ್ ಎಂ 2023ರಲ್ಲಿ ಕೋಚ್ ಜಿಂಬೋ ಫಿಶರ್ ಅವರನ್ನು ತೆಗೆದಾಗ ಕೊಡಲು ಒಪ್ಪಿದ್ದು ಏಳೂವರೆ ಕೋಟಿ ಡಾಲರ್‌ಗೂ ಜಾಸ್ತಿ. ಕೆಲಸ ಮಾಡದೇ ಇರಲು! ಮೇರಿಲ್ಯಾಂಡ್ 2012ರಲ್ಲಿ ದುಡ್ಡಿಲ್ಲ ಅಂತ ಏಳು ತಂಡಗಳನ್ನು ಮುಚ್ಚಿತು. ಯಾವುವು? ಈಜು, ಟೆನ್ನಿಸ್ ಇಂಥವು. ಫುಟ್‌ಬಾಲ್ ಅಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ದೊಡ್ಡ ದುಡ್ಡಿಗಾಗಿ ಬಿಗ್ ಟೆನ್ ಸೇರುವುದಾಗಿ ಹೇಳಿತು.

ಈಗ ನನ್ನ ಸೋದರ ಸೊಸೆಯ ಬಿಲ್‌ಗೆ ವಾಪಸ್ ಬರೋಣ. ಟಿ.ವಿ. ಇಲ್ಲ, ದಾನಿ ಇಲ್ಲ, ಏಟು ತಿಂದು ಗಳಿಸಿದ್ದೂ ಸಾಲದು. ಉಳಿದದ್ದು ಎರಡು ದಾರಿ: ಯೂನಿವರ್ಸಿಟಿಯ ಸ್ವಂತ ಖಜಾನೆ, ಇಲ್ಲವೇ ವಿದ್ಯಾರ್ಥಿಗಳ ಫೀ. ಮಧ್ಯಮ ದರ್ಜೆಯ ಅನೇಕ ಕಾಲೇಜುಗಳಲ್ಲಿ ಬಜೆಟ್‌ನ ಅರ್ಧಕ್ಕಿಂತ ಹೆಚ್ಚು ಬರುವುದು ಈ ಎರಡರಿಂದಲೇ. ವಿಚಿತ್ರ ಅಂದರೆ ಲೆಕ್ಕದ ಪುಸ್ತಕದಲ್ಲಿ ಇದನ್ನೂ ಆಟದ ವಿಭಾಗದ 'ಆದಾಯ' ಅಂತಲೇ ಬರೆಯುತ್ತಾರೆ. ಹಾಗಾಗಿ ಮೇಲ್ನೋಟಕ್ಕೆ ಎಲ್ಲಾ ಸರಿದೂಗುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಇಲ್ಲಿ ಹೂವು ಪಕ್ಕದವರ ಹಿತ್ತಲಿನದು, ಅಷ್ಟೇ.

ವರ್ಜೀನಿಯಾ ರಾಜ್ಯ 2015ರಲ್ಲಿ ಇದಕ್ಕೆ ಕಾನೂನು ಮಾಡಿತು. ದೊಡ್ಡ ಕಾನ್ಫರೆನ್ಸಿನ ಕಾಲೇಜಾದರೆ ಬಜೆಟ್‌ನ ಶೇ. 20ಕ್ಕಿಂತ ಹೆಚ್ಚು ಫೀ ಮತ್ತು ಸಹಾಯಧನದಿಂದ ತರುವಂತಿಲ್ಲ. ಮೇಲಿನ ದರ್ಜೆಯ ಉಳಿದವರಿಗೆ ಶೇ. 55, ಕೆಳಗಿನ ದರ್ಜೆಗೆ ಶೇ. 70. ಮಿತಿಯೇ ಶೇ. 70 ಅಂದರೆ ಮೊದಲು ಎಷ್ಟಿತ್ತು ಅಂತ ನೀವೇ ಊಹಿಸಿ.

ಇಷ್ಟು ದಿನ ಈ ಬಜೆಟ್‌ನಲ್ಲಿ ಒಂದು ಸಾಲು ಇರಲೇ ಇಲ್ಲ: ಆಟಗಾರರ ಸಂಬಳ. ಸ್ಕಾಲರ್‌ಶಿಪ್ ಕೊಡುತ್ತಿದ್ದರು, ಅಷ್ಟೇ. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಂದಾಗಿ, ಆಟಗಾರರ ಓದಿಗೆ ಸಂಬಂಧಿಸಿದ ಸೌಲಭ್ಯಕ್ಕೆ ಎನ್‌ಸಿಎಎ ಮಿತಿ ಹಾಕುವಂತಿಲ್ಲ ಅಂತ ತೀರ್ಪು ಕೊಟ್ಟರು. 2025ರ ಜೂನ್‌ನಲ್ಲಿ ಆಟಗಾರರು ಹಾಕಿದ್ದ ಇನ್ನೊಂದು ಕೇಸಿನ ರಾಜಿಗೆ ಕೋರ್ಟ್ ಒಪ್ಪಿತು. ಹಳೆಯ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್. ಜೊತೆಗೆ ಒಂದೊಂದು ಕಾಲೇಜು ಮೊದಲ ವರ್ಷ ಹೆಚ್ಚೆಂದರೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು. ಆಟಗಾರರಿಗೆ ಇದು ಬಹಳ ಹಿಂದೆಯೇ ಸಿಗಬೇಕಿತ್ತು ಅನ್ನುವವನು ನಾನು. ಆದರೆ ದುಡ್ಡು ಎಲ್ಲಿಂದ? ಟೆನ್ನೆಸಿ ಯೂನಿವರ್ಸಿಟಿ 2025ರ ಫುಟ್‌ಬಾಲ್ ಟಿಕೆಟ್ ಮೇಲೆ ಶೇ. 10ರಷ್ಟು 'ಟ್ಯಾಲೆಂಟ್ ಫೀ' ಹಾಕಿತು. ಅಲ್ಲಿ ಟಿಕೆಟ್ ಕೊಳ್ಳುವ ಜನ ಇದ್ದಾರೆ. ಜನ ಇಲ್ಲದ ಕಡೆ ಮತ್ತೆ ಅದೇ ಬಿಲ್, ಅದೇ ಸಾಲು.

ನಮ್ಮ ಹುಡುಗಿ ಆಫೀಸಿಗೆ ಹೋಗಿ ಕೇಳಿದಳು, ಈ ಫೀ ತೆಗೆಸಬಹುದಾ ಅಂತ. ಆಗಲ್ಲ ಅಂದರು. ಆದರೆ ಐ.ಡಿ. ಕಾರ್ಡ್ ತೋರಿಸಿದರೆ ಮ್ಯಾಚ್ ಫ್ರೀ ಅಂದರು. ಕೊಟ್ಟ ದುಡ್ಡು ವಸೂಲಾಗಲಿ ಅಂತ ಗೆಳತಿಯರ ಜೊತೆ ಹೋದಳು. ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದಳು. ಎದುರಾಳಿ ತಂಡ ಚೆನ್ನಾಗಿ ಏಟು ತಿನ್ನುತ್ತಿತ್ತು. ನಾನು ಕೇಳಿದೆ: 'ಅವರಿಗೆ ಬಂದದ್ದಕ್ಕೆ ಎಷ್ಟು ಕೊಟ್ಟರಂತೆ, ವಿಚಾರಿಸು.'

'ಮಾಮ, ಸುಮ್ನೆ ಮ್ಯಾಚ್ ನೋಡೋಕೆ ಬಿಡಿ' ಅಂದಳು.

ನಿಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಬಹುದು.